ಎರಡು ಹೆಬ್ಬೆರಳು

ಐದೋ, ಆರೋ? ಈಗ ಇಲಿ ಮಾಡಿದ್ದು ತಲೆ ಕೊಡವಿದ್ದೋ, ಕಿವಿ ಕೆರೆದುಕೊಂಡದ್ದೋ? ಕೆರೆದುಕೊಂಡಿದ್ದರೆ ಹಿಂಗಾಲು ಎತ್ತಬೇಕಿತ್ತು. ಹಿಂಗಾಲು ನೆಲದ ಮೇಲೇ ಇತ್ತು ಅನ್ನಿಸುತ್ತದೆ. ಅನ್ನಿಸುತ್ತದೆಯೋ, ನಿಜಕ್ಕೂ ಇತ್ತೋ? ಅವನ ಹೆಬ್ಬೆರಳು ಆಗಲೇ ಒತ್ತಿಬಿಟ್ಟಿತ್ತು. ಅಂಗೈಯಲ್ಲಿದ್ದ ಕೌಂಟರಿನ ಪುಟ್ಟ ಕಿಟಕಿಯಲ್ಲಿ ಆರು ಎಂದು ಬಂದಿತ್ತು. ಒಮ್ಮೆ ಒತ್ತಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ.

ಇವತ್ತು ಎಣಿಸುವುದು ಯಾಕೆ ಇಷ್ಟು ಕಷ್ಟವಾಗುತ್ತಿದೆ? ನೆಗಡಿ ಹಿಡಿದು ಎರಡು ದಿನವಾಗಿತ್ತು. ಮೊದಲು ಮೂಗು ಕಟ್ಟಿತು, ಆಮೇಲೆ ಎರಡು ಕಿವಿಯೂ ಕಟ್ಟಿದವು. ನೀರಿನೊಳಗೆ ಕೂತು ಜಗತ್ತನ್ನು ನೋಡಿದ ಹಾಗಿತ್ತು. ಆದರೆ ಇಲಿಯನ್ನು ನೋಡುವುದು ಕಣ್ಣಿನಿಂದ ತಾನೆ. ಕಿವಿ ಕಟ್ಟಿದರೆ ಕಣ್ಣಿಗೆ ಏನು ಕಷ್ಟ?

ಕಿಟಕಿಯಿಲ್ಲದ ಕೋಣೆ. ಮೇಜಿನ ಮೇಲೆ ಪಾರದರ್ಶಕವಾದ ಒಂದು ದುಂಡನೆಯ ಡಬ್ಬಿ, ಅದರೊಳಗೆ ಒಂದು ಇಲಿ, ಮೇಲೆ ಕ್ಯಾಮೆರಾ. ಮೇಜಿನ ಈಚೆ ಎರಡು ಕುರ್ಚಿ, ಎರಡರ ನಡುವೆ ರಟ್ಟಿನ ಒಂದು ಅಡ್ಡಗೋಡೆ. ಒಂದು ಕುರ್ಚಿ ಅವನದು, ಇನ್ನೊಂದು ಅಲ್ಲಿ ಎಲ್ಲರಿಗೂ ಅಕ್ಕನಾದ ಹಿರಿಯ ಸಹೋದ್ಯೋಗಿಯದು. ಇಪ್ಪತ್ತು ನಿಮಿಷ ಇಬ್ಬರೂ ಅದೇ ಇಲಿಯನ್ನು ನೋಡಬೇಕು, ಅದು ತಲೆ ಕೊಡವಿದಾಗಲೆಲ್ಲ ಕೌಂಟರ್ ಒತ್ತಬೇಕು, ಬಾಯಿ ಬಿಡಬಾರದು. ಗಡಿಯಾರ ಕೂಗಿದ ಮೇಲೆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮಡಚಿ ಪೆಟ್ಟಿಗೆಗೆ ಹಾಕಬೇಕು. ಎರಡು ಚೀಟಿಗಳ ನಡುವೆ ಎರಡಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮಾತ್ರ ಕ್ಯಾಮೆರಾದ ಚಿತ್ರವನ್ನು ಮೂರನೆಯವರು ನೋಡಬೇಕು. ಅವನು ಸೇರಿದ ಐದು ತಿಂಗಳಲ್ಲಿ ಆ ಪ್ರಸಂಗ ಒಮ್ಮೆಯೂ ಬಂದಿರಲಿಲ್ಲ.

ಪ್ರಯೋಗಾಲಯದ ಮುಖ್ಯಸ್ಥೆ, ಎಲ್ಲರೂ ಮೇಡಂ ಎನ್ನುವವರು, ಒಳಗೆ ಬಂದು ಚೀಟಿ ಬಿಡಿಸಿದರು.

"ಆರು. ಆರು. ನೀವಿಬ್ಬರು ಅವಳಿಜವಳಿ ಕಣ್ರಿ."

"ಅವಳಿ ಅಂತೆ," ಅಕ್ಕ ಕನ್ನಡಕ ಒರೆಸಿಕೊಳ್ಳುತ್ತ ಅವನ ಕಡೆ ತಿರುಗಿದರು. "ನಿನ್ನ ವಯಸ್ಸಿಗೆ ಇಪ್ಪತ್ತು ಸೇರಿಸಿದ್ರೆ ನಾನು. ಏನೋ ಮುನಿ, ನಿನ್ನ ಸೀನೂ ಎಣಿಸಿದೀನಿ. ಹದಿನಾಲ್ಕು. ಅದನ್ನೂ ಬರ್ಕೊಳ್ಳಿ ಮೇಡಂ."

ಅವನು ಹೆಚ್ಚು ಮಾತಾಡುವುದಿಲ್ಲವೆಂದು ಮೊದಲ ವಾರವೇ ಅಕ್ಕ ಅವನಿಗೆ ಮುನಿ ಎಂದು ಹೆಸರಿಟ್ಟಿದ್ದರು. ಅವನು ಬೇಡವೆನ್ನಲಿಲ್ಲ. ಬೇಡವೆನ್ನಲೂ ಮಾತಾಡಬೇಕಿತ್ತು.

ಕೆಲಸ ಹೇಳಿದರೆ ಹೊರಗಿನವರು ನಗುತ್ತಿದ್ದರು. ಇಲಿಯ ತಲೆ ಎಣಿಸುವುದಕ್ಕೆ ಸ್ನಾತಕೋತ್ತರ ಪದವಿ ಬೇಕಾಯಿತಾ ಎಂದು ಅವನ ಸೋದರಮಾವ ಕೇಳಿದ್ದರು. ಅವನಿಗೆ ಮಾತ್ರ ಅದರಲ್ಲಿ ಒಂದು ಗುಂಗು. ಮನುಷ್ಯನ ಕಣ್ಣಿಗೆ ಗೋಡೆ ಉಸಿರಾಡುವಂತೆ, ಬಣ್ಣ ಹರಿಯುವಂತೆ ಕಾಣಿಸುವ ಕೆಲವು ಹಳೆಯ ಔಷಧಿಗಳಿವೆ. ಅವು ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ತಟ್ಟುವ ಬಾಗಿಲುಗಳಲ್ಲಿ ಒಂದನ್ನು ತಾವೇ ತಟ್ಟುತ್ತವೆ. ಅದೇ ಬಾಗಿಲನ್ನು ಇಲಿಯಲ್ಲಿ ತಟ್ಟಿದರೆ ಅದು ತಲೆ ಕೊಡವುತ್ತದೆ, ಒದ್ದೆಯಾದ ನಾಯಿ ನೀರು ಕೊಡವುವ ಹಾಗೆ. ರೆಪ್ಪೆ ಮುಚ್ಚಿ ತೆಗೆಯುವುದರೊಳಗೆ ಮುಗಿದೇ ಹೋಗುತ್ತದೆ. ಯಾಕೆ ಕೊಡವುತ್ತದೆಂದು ಯಾರೂ ಖಚಿತವಾಗಿ ಹೇಳಲಾರರು. ಮನುಷ್ಯನಿಗೆ ಭ್ರಮೆ ತರಿಸುವ ಔಷಧಿ ಇಲಿಯ ತಲೆಯನ್ನು ಅಲುಗಿಸುತ್ತದೆ ಎಂಬ ಲೆಕ್ಕ ಮಾತ್ರ ಬಹುಮಟ್ಟಿಗೆ ಸರಿಬಂದಿದೆ. ಇಲಿಗೆ ಏನು ಕಾಣುತ್ತದೆ? ಮೈಮೇಲೆ ಇಲ್ಲದ ನೀರು ಕಾಣುತ್ತದೆಯೇ? ಅವನು ಇದನ್ನೇ ಯೋಚಿಸುತ್ತ ಬಸ್ಸಿನಲ್ಲಿ ಇಳಿಯುವ ಜಾಗ ದಾಟಿಬಿಟ್ಟ ದಿನಗಳಿದ್ದವು.

ಅಂಥ ಔಷಧಿಗಳೇ ಕುಸಿದ ಮನಸ್ಸನ್ನು ಎತ್ತಿ ಕೂರಿಸುವುದೂ ಉಂಟು. ಮೇಲಿನ ಮಹಡಿಯ ರಸಾಯನಶಾಸ್ತ್ರದ ಮೇಷ್ಟ್ರು ಒಂಬತ್ತು ವರ್ಷಗಳಿಂದ ಹುಡುಕುತ್ತಿದ್ದದ್ದು ಮನಸ್ಸನ್ನು ಎತ್ತಿಯೂ ಕಣ್ಣಿಗೆ ಏನನ್ನೂ ಕಾಣಿಸದ ಒಂದು ವಸ್ತುವನ್ನು. ನಲವತ್ತು ಸಲ ಸೋತಿದ್ದರು. ಈಗಿನದು ನಲವತ್ತೊಂದು. ಕೆಳಗಿನ ಕೋಣೆಗೆ ಬಾಟಲಿಗಳು ಬರುತ್ತಿದ್ದದ್ದು ಬರೀ ಬಣ್ಣದ ಮುಚ್ಚಳಗಳೊಂದಿಗೆ: ಕೆಂಪು, ಬಿಳಿ, ಹಸಿರು. ಒಂದರಲ್ಲಿ ಹಳೆಯ ಔಷಧಿ, ಒಂದರಲ್ಲಿ ಉಪ್ಪುನೀರು, ಒಂದರಲ್ಲಿ ನಲವತ್ತೊಂದು. ಯಾವುದು ಯಾವುದೆಂದು ಬರೆದ ಲಕೋಟೆ ಮೇಡಂ ಅವರ ಬೀರುವಿನಲ್ಲಿ ಅಂಟು ಹಾಕಿಕೊಂಡು ಕೂತಿತ್ತು. ಕೆಂಪಿನ ಇಲಿಗಳು ನಲವತ್ತು, ಐವತ್ತು ಸಲ ತಲೆ ಕೊಡವುತ್ತಿದ್ದವು. ಅದು ಹಳೆಯ ಔಷಧಿಯೆಂದು ಹೇಳಲು ಲಕೋಟೆ ಬೇಕಿರಲಿಲ್ಲ. ಬಿಳಿ, ಹಸಿರು ಎರಡೂ ಸುಮ್ಮನಿದ್ದವು. ಸೊನ್ನೆ, ಒಂದು, ಅಪರೂಪಕ್ಕೆ ಎರಡು.

"ಎರಡು ಬಣ್ಣ ಸುಮ್ಮನಿದಾವಂತೆ?" ಮೇಷ್ಟ್ರು ಮೆಟ್ಟಿಲಲ್ಲಿ ಸಿಕ್ಕಾಗ ಕೈ ಉಜ್ಜಿಕೊಳ್ಳುತ್ತಿದ್ದರು. "ಒಂದು ಉಪ್ಪುನೀರು. ಇನ್ನೊಂದು ನನ್ನ ಕೂಸು. ಜನ ಮನೇಲೇ ನುಂಗಿ, ಅವರ ಪಾಡಿಗೆ ಅವರು ಕೆಲಸಕ್ಕೆ ಹೋಗಬಹುದು. ಬಸ್ ಬೇಕಾದ್ರೂ ಓಡಿಸಬಹುದು."

ಬಸ್ಸಿನ ಮಾತು ಸುಮ್ಮನೆ ಬಂದದ್ದಲ್ಲ. ಅಕ್ಕನ ತಮ್ಮ ಬಸ್ ಡ್ರೈವರ್. ಮೂರು ವರ್ಷಗಳಿಂದ ಮಂಕು ಕವಿದು ಮನೆಯಲ್ಲೇ ಇದ್ದ. ಡಾಕ್ಟರು ಕೊಟ್ಟ ಮಾತ್ರೆಗಳು ಅವನನ್ನು ತೂಕಡಿಸುವಂತೆ ಮಾಡುತ್ತಿದ್ದವು, ತೂಕಡಿಸುವವನಿಗೆ ಬಸ್ ಕೊಡುವವರಿಲ್ಲ. ಇಲಿಯ ಲೆಕ್ಕ ಮುಗಿದರೆ ನಲವತ್ತೊಂದನ್ನು ಮನುಷ್ಯರಿಗೆ ಕೊಡುವ ಪರೀಕ್ಷೆ ಶುರುವಾಗುವುದಿತ್ತು. ಕೆಲವು ದಿನ ಆಸ್ಪತ್ರೆಯಲ್ಲಿಟ್ಟು ನೋಡಿ, ಆಮೇಲೆ ಮನೆಗೆ ಕಳಿಸಿ, ಮಾಮೂಲಿ ಕೆಲಸಕ್ಕೆ ಹೋಗಲು ಬಿಡುವ ಯೋಜನೆ. ಅದರ ಪಟ್ಟಿಯಲ್ಲಿ ಅಕ್ಕನ ತಮ್ಮನ ಹೆಸರಿತ್ತು.

*

ನೆಗಡಿಯ ಮೂರು ದಿನಗಳಲ್ಲಿ ಹಸಿರು ಮುಚ್ಚಳದ ಇಲಿಗಳು ಐದು, ಆರು, ಏಳು ಎಂದು ತಲೆ ಕೊಡವಿದವು. ಬಿಳಿಯವು ಎಂದಿನಂತೆ ಸುಮ್ಮನಿದ್ದವು. ನಾಲ್ಕನೆಯ ದಿನ ಅವನ ಕಿವಿ ಪಟಕ್ಕನೆ ಬಿಟ್ಟಿತು. ಅವತ್ತು ಹಸಿರು ಮತ್ತೆ ಒಂದಕ್ಕೆ ಇಳಿಯಿತು. ಮರುದಿನ ಸೊನ್ನೆ.

ಅವನು ಹಳೆಯ ಹಾಳೆಗಳನ್ನು ತಂದು ಬೆರಳಿಟ್ಟು ನೋಡಿದ. ಅದೇ ಮುಚ್ಚಳ, ಅದೇ ಅಳತೆ, ಅದೇ ಕೋಣೆ. ಬದಲಾದದ್ದು ಅವನ ನೆಗಡಿ ಒಂದೇ. ನನ್ನ ನೆಗಡಿಗೂ ಇಲಿಯ ತಲೆಗೂ ಏನು ಸಂಬಂಧ? ತಲೆಯೊಳಗೆ ಹುಳ ಬಿಟ್ಟ ಹಾಗಾಯಿತು.

ಮುಂದಿನ ಎಣಿಕೆಗೆ ಕೂತಾಗ ಅವನು ಇಲಿಯನ್ನಷ್ಟೇ ಅಲ್ಲದೆ ತನ್ನನ್ನೂ ನೋಡಿಕೊಂಡ. ಏಳನೆಯ ನಿಮಿಷಕ್ಕೆ ಇಲಿ ಏನೋ ಮಾಡಿತು. ಕೊಡವಿತೇ? ಹೆಬ್ಬೆರಳು ಗುಂಡಿಯ ಮೇಲೆ ಬಾಗಿತು, ಒತ್ತಲಿಲ್ಲ. ಅದು ಕಾಯುತ್ತಿತ್ತು. ಯಾವುದಕ್ಕೆ? ರಟ್ಟಿನ ಆಚೆಯಿಂದ ಬರಬೇಕಾದ ಒಂದು 'ಟಿಕ್'ಗೆ. ಆ ಕೌಂಟರುಗಳು ಹಳೆಯವು, ಸಿನಿಮಾ ಮಂದಿರದ ಬಾಗಿಲಲ್ಲಿ ಜನರನ್ನು ಎಣಿಸುವಂಥವು. ಒತ್ತಿದರೆ ಸಣ್ಣಗೆ ಸದ್ದು ಮಾಡುತ್ತಿದ್ದವು. ಟಿಕ್ ಬರಲಿಲ್ಲ. ಹೆಬ್ಬೆರಳು ಮೆಲ್ಲಗೆ ನೆಟ್ಟಗಾಯಿತು. ಆ ಗಳಿಗೆಯಲ್ಲೇ ಕಣ್ಣೂ ಒಪ್ಪಿಬಿಟ್ಟಿತ್ತು: ಕೊಡವಲಿಲ್ಲ, ಮೂತಿ ಆಡಿಸಿತು ಅಷ್ಟೆ.

ಇಷ್ಟು ತಿಂಗಳು ಅವನು ಅಕ್ಕನ ಬೆರಳನ್ನು ಎಣಿಸುತ್ತಿದ್ದ. ಹನ್ನೊಂದು ವರ್ಷದ ಅನುಭವ ಅವರದು. ಅನುಮಾನ ಬಂದಲ್ಲೆಲ್ಲ ಅವನ ಬೆರಳು ತನಗೇ ತಿಳಿಯದೆ ಅವರ ಅಪ್ಪಣೆ ಕೇಳಿಕೊಂಡಿತ್ತು. ಕೆಂಪಿನಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ, ಇಲಿಯ ತಲೆ ದಡಬಡ ಅಲ್ಲಾಡುತ್ತಿತ್ತು. ಹಸಿರಿನಲ್ಲಿ, ಎಲ್ಲೋ ಒಮ್ಮೆ ಅರೆಮನಸ್ಸಿನಿಂದ ಬರುವ ಕೊಡವುವಿಕೆಯಲ್ಲಿ, ಅನುಮಾನವೇ ತುಂಬಿತ್ತು. ಕಿವಿ ಕಟ್ಟಿದ ಮೂರು ದಿನ ಅಪ್ಪಣೆ ಕೇಳುವ ದಾರಿ ಮುಚ್ಚಿತ್ತು, ಅದಕ್ಕೇ ಅವನ ಕಣ್ಣು ಕೆಲಸ ಮಾಡಿತ್ತು.

ಅಷ್ಟರವರೆಗೆ ಸರಿ. ಆದರೆ ಆ ಮೂರು ದಿನ ಅಕ್ಕನ ಸಂಖ್ಯೆಯೂ ಯಾಕೆ ಏರಿತು? ಅವರಿಗೇನೂ ನೆಗಡಿಯಿರಲಿಲ್ಲ.

ಆಸೆ ಇರಬಹುದೇ ಎಂದು ಒಂದು ಗಳಿಗೆ ಅನ್ನಿಸಿತು. ತಮ್ಮನಿಗೋಸ್ಕರ ಹಸಿರು ಸುಮ್ಮನಿರಲಿ ಎಂದು ಬೆರಳು ತಡೆದಿದ್ದರೇ? ಹಾಗಿದ್ದರೆ ಆ ಮೂರು ದಿನವೂ ತಡೆಯಬೇಕಿತ್ತು. ಅಲ್ಲದೆ ಹಸಿರಿನಲ್ಲಿರುವುದು ಯಾವುದು, ಬಿಳಿಯಲ್ಲಿರುವುದು ಯಾವುದೆಂದು ತಿಳಿಯದವರು ಯಾವುದಕ್ಕೆಂದು ತಡೆಯುತ್ತಾರೆ? ಯೋಚಿಸಿದ್ದಕ್ಕೇ ಅವನಿಗೆ ನಾಚಿಕೆಯಾಯಿತು.

ಮಧ್ಯಾಹ್ನ ಟೀ ಕುಡಿಯುವಾಗ ಅಕ್ಕನೇ ಮಾತು ತೆಗೆದರು.

"ನಿನ್ನೆ ನನ್ನ ತಮ್ಮ ಕೇಳ್ದ ಕಣೋ, ನಿಮ್ಮ ಇಲಿಗಳು ಹೇಗಿವೆ ಅಂತ. ಅವನಾಗೇ ಬಾಯಿ ಬಿಟ್ಟು ಒಂದು ಪ್ರಶ್ನೆ ಕೇಳಿ ಎಷ್ಟು ದಿನ ಆಗಿತ್ತು ಗೊತ್ತಾ? ಆರಾಮಾಗಿವೆ, ನಿನಗಿಂತ ಚೆನ್ನಾಗಿ ಊಟ ಮಾಡ್ತವೆ ಅಂದೆ."

"ನಕ್ಕರಾ?"

"ಮೂಗಲ್ಲಿ. ಆದ್ರೂ ನಕ್ಕ." ಅಕ್ಕ ಲೋಟದ ತಳ ನೋಡಿದರು. "ಸ್ಟೇರಿಂಗ್ ಹಿಡಿದ್ರೆ ಅವನು ಬೇರೇನೇ ಮನುಷ್ಯ. ಐವತ್ತು ಜನರನ್ನ ಬೆನ್ನ ಹಿಂದೆ ಕೂರಿಸ್ಕೊಂಡು ಒಂದು ಜರ್ಕ್ ಇಲ್ಲದೆ ಕರ್ಕೊಂಡು ಹೋಗ್ತಿದ್ದ. ಅದೊಂದು ವಾಪಸ್ ಬಂದ್ರೆ ಸಾಕು ನನಗೆ."

ಐವತ್ತು ಜನ. ಅವನು ಟೀ ಲೋಟ ಕೆಳಗಿಟ್ಟ. ಹಸಿರು ನಲವತ್ತೊಂದೇ ಆಗಿದ್ದು, ಅದು ನಿಜವಾಗಿ ಆರು ಸಲ ತಲೆ ಕೊಡವಿಸುವುದಾದರೆ, ಸ್ಟೇರಿಂಗ್ ಹಿಂದೆ ಕೂತವನ ಕಣ್ಣಿಗೆ ರಸ್ತೆ ಹೇಗೆ ಕಾಣಬಹುದು?

"ಯಾಕೋ ಮುಖ ಸಪ್ಪಗೆ ಮಾಡ್ಕೊಂಡೆ? ಟೀ ಚೆನ್ನಾಗಿಲ್ವಾ?"

"ಚೆನ್ನಾಗಿದೆ ಅಕ್ಕ."

"ಸುಳ್ಳು. ನಾನು ಮಾಡಿದ ಟೀ ಯಾವತ್ತು ಚೆನ್ನಾಗಿತ್ತು?"

*

ಶನಿವಾರ ಅಭ್ಯಾಸದ ದಿನ. ಯಾವ ಔಷಧಿಯನ್ನೂ ಕೊಡದ ಒಂದು ಮುದಿ ಇಲಿಯನ್ನು ಡಬ್ಬಿಯಲ್ಲಿಟ್ಟು, ಮೈ ನೆಕ್ಕುವುದು ಯಾವುದು, ಕೆರೆಯುವುದು ಯಾವುದು ಎಂದು ಕಣ್ಣಿಗೆ ಮತ್ತೆ ಪಾಠ ಹೇಳಿಸುವುದು. ಅವತ್ತಿನ ಚೀಟಿಗಳು ಯಾವ ಲೆಕ್ಕಕ್ಕೂ ಸೇರುವುದಿಲ್ಲ, ಸಂಜೆ ಕಸದ ಬುಟ್ಟಿಗೆ. ಸುಳ್ಳು ಹೇಳಲು ಅಡ್ಡಿಯಿಲ್ಲದ ದಿನ ಅದೊಂದೇ ಎಂದು ಅವನು ಲೆಕ್ಕ ಹಾಕಿದ್ದ.

ಐದನೆಯ ನಿಮಿಷ. ಇಲಿ ಗೋಡೆಯ ಪಕ್ಕ ನಿಂತು ಮೂಸುತ್ತಿತ್ತು. ತಲೆ ಅಲುಗಲೇ ಇಲ್ಲ. ಅವನು ಒತ್ತಿದ.

ಟಿಕ್.

ಅರ್ಧ ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ರಟ್ಟಿನ ಆಚೆಯಿಂದ: ಟಿಕ್.

ಕಾಕತಾಳೀಯ ಇರಬಹುದು ಎಂದುಕೊಂಡ. ಹತ್ತನೆಯ ನಿಮಿಷ, ಇಲಿ ಮುಂಗಾಲಿನಿಂದ ಮೂತಿ ಒರೆಸಿಕೊಳ್ಳುತ್ತಿದ್ದಾಗ ಮತ್ತೆ ಒತ್ತಿದ. ಆಚೆಯಿಂದ ಟಿಕ್. ಹದಿನಾರನೆಯ ನಿಮಿಷ ಇನ್ನೊಮ್ಮೆ. ಈ ಸಲ ಅವರ ಟಿಕ್ ಎಷ್ಟು ಬೇಗ ಬಂತೆಂದರೆ ಎರಡೂ ಸೇರಿ ಒಂದೇ ಸದ್ದಾಯಿತು.

ಗಡಿಯಾರ ಕೂಗಿತು. ಅಕ್ಕ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡರು.

"ಈ ಮುದುಕನಿಗೂ ಇವತ್ತು ತಲೆ ಕೆಟ್ಟಿದೆ ನೋಡು. ಮೂರು ಸಲ ಕೊಡವ್ದ. ಏನೂ ಕೊಡದೇನೇ. ಮೂರನೇದಂತೂ ಎಂಥಾ ಜೋರು."

"ಜೋರಾ?"

"ನೋಡ್ಲಿಲ್ವಾ? ಕಿವಿ ಎರಡೂ ಪಟಪಟ ಅಂದ್ವು."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಮುಖದಲ್ಲಿ ನೋಡಿದವರ ಬೆರಗಿತ್ತು. ಆ ಇಲಿಯ ಮೈಯಲ್ಲಿ ಒಂದು ಹನಿ ಔಷಧಿಯಿರಲಿಲ್ಲ, ಅಕ್ಕನ ಮೈಯಲ್ಲೂ ಇರಲಿಲ್ಲ. ಆದರೂ ಅವರಿಗೆ ಮೂರು ಸಲ ಕಂಡಿತ್ತು, ಕಿವಿಗಳ ಸಮೇತ.

ಮನೆಗೆ ನಡೆದು ಹೋಗುವಾಗ ಅವನಿಗೆ ಎಲ್ಲವೂ ಒಂದೊಂದಾಗಿ ಬಿಡಿಸಿಕೊಂಡಿತು. ಅವನು ಅಕ್ಕನ ಅನುಭವಕ್ಕೆ ಕಾಯುತ್ತಿದ್ದ. ಅಕ್ಕ ಅವನ ಎಳೆಯ ಕಣ್ಣಿಗೆ ಕಾಯುತ್ತಿದ್ದರು. ಅನುಮಾನ ಬಂದಾಗಲೆಲ್ಲ ಎರಡು ಹೆಬ್ಬೆರಳುಗಳು ಇನ್ನೊಂದು ಮೊದಲು ಹೋಗಲಿ ಎಂದು ನಿಂತುಬಿಡುತ್ತಿದ್ದವು, ಬಾಗಿಲಲ್ಲಿ ಎದುರಾದ ಇಬ್ಬರು ಮರ್ಯಾದಸ್ಥರ ಹಾಗೆ. ಅಷ್ಟರಲ್ಲಿ ಇಲಿ ತಲೆ ಕೊಡವಿ ಮುಗಿಸಿ ಮೂಲೆಗೆ ಹೋಗಿರುತ್ತಿತ್ತು. ಇಬ್ಬರೂ ಸೊನ್ನೆ ಬರೆಯುತ್ತಿದ್ದರು. ಮೇಡಂ ಅವಳಿಜವಳಿ ಎನ್ನುತ್ತಿದ್ದರು. ನೆಗಡಿಯ ಮೂರು ದಿನ ಅವನು ಕಾಯದೆ ಒತ್ತಿದ್ದ, ಅಕ್ಕನ ಬೆರಳು ಅವನ ಟಿಕ್ಕಿನ ಹಿಂದೆಯೇ ಬಂದಿತ್ತು.

ಯಾರು ಮೋಸ ಮಾಡಿದ್ದರು? ಯಾರೂ ಇಲ್ಲ. ಇದೇ ಅವನಿಗೆ ಅತ್ಯಂತ ವಿಚಿತ್ರವಾಗಿ ಕಂಡಿತು. ರಸ್ತೆ ಬದಿಯಲ್ಲಿ ಒಂದು ಬಸ್ ನಿಂತಿತ್ತು. ಡ್ರೈವರ್ ಕನ್ನಡಿ ಸರಿಮಾಡಿಕೊಳ್ಳುತ್ತಿದ್ದ. ಅವನು ಹೊರಡುವವರೆಗೂ ಇವನು ನೋಡುತ್ತ ನಿಂತ.

*

ಸೋಮವಾರ ಬೆಳಿಗ್ಗೆ ಅವನು ಮೇಡಂ ಕೋಣೆಯ ಬಾಗಿಲು ತಟ್ಟಿದ.

"ಮೇಡಂ, ಹಸಿರಿನ ಲೆಕ್ಕ ತಪ್ಪಿರಬಹುದು. ಬಿಳಿದೂ ಇರಬಹುದು. ಎಲ್ಲಾನೂ ಮತ್ತೆ ಎಣಿಸಬೇಕು."

ಮೇಡಂ ಪೆನ್ನು ಕೆಳಗಿಟ್ಟರು. "ಕೂತ್ಕೊಳ್ಳಿ. ಯಾಕೆ ತಪ್ಪಿದೆ?"

"ನಾನು ಅಕ್ಕನ ಕೌಂಟರ್ ಸದ್ದು ಕೇಳಿ ಒತ್ತಾ ಇದ್ದೆ. ಬೇಕು ಅಂತ ಅಲ್ಲ. ನನಗೇ ಗೊತ್ತಿರಲಿಲ್ಲ. ಕಿವಿ ಕಟ್ಟಿದ ಮೇಲೆ ಗೊತ್ತಾಯ್ತು." ನೆಗಡಿಯ ಮೂರು ದಿನದ ಹಾಳೆಗಳನ್ನು ಅವನು ಮೇಜಿನ ಮೇಲೆ ಹರಡಿದ.

ಮೇಡಂ ಹಾಳೆಗಳನ್ನು ಒಂದೊಂದಾಗಿ ನೋಡಿದರು. ಅವರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಕುತೂಹಲವಿತ್ತು, ಹೊಸ ಹುಳು ಕಂಡವರ ಹಾಗೆ. "ಇಷ್ಟು ವರ್ಷ ಯಾರಿಗೂ ಆ ಸದ್ದು ಹೊಳೀಲಿಲ್ಲ ನೋಡಿ. ರಟ್ಟು ಕಣ್ಣಿಗೆ ಅಡ್ಡ ಇಟ್ವಿ, ಕಿವಿಗೆ ಏನೂ ಇಡ್ಲಿಲ್ಲ." ಆಮೇಲೆ ತಲೆಯೆತ್ತಿದರು. "ಒಂದು ಪ್ರಶ್ನೆ. ನೀವು ಅಕ್ಕನನ್ನ ಹಿಂಬಾಲಿಸ್ತಿದ್ರಿ. ಹಾಗಾದ್ರೆ ಅಕ್ಕನ ಸಂಖ್ಯೆನಾದ್ರೂ ಸರಿ ಇರಬೇಕಲ್ಲ?"

ಗೋಡೆಯ ಮೇಲಿನ ಪಂಖ ತಿರುಗುತ್ತಿತ್ತು. ಅವನು ಅದನ್ನೇ ನೋಡಿದ.

"ಗೊತ್ತಿಲ್ಲ ಮೇಡಂ. ಇಬ್ಬರದನ್ನೂ ನೋಡೋದು ಒಳ್ಳೇದು."

ಕ್ಯಾಮೆರಾದ ಚಿತ್ರಗಳನ್ನು ಮತ್ತೆ ಎಣಿಸಲು ಒಂಬತ್ತು ದಿನ ಹಿಡಿಯಿತು. ಬೇರೆ ಬೇರೆ ಕೋಣೆ, ಬಾಗಿಲು ಮುಚ್ಚಿ, ಸದ್ದು ಮಾಡದ ಗುಂಡಿ. ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ. ಮೊದಮೊದಲು ಹೆಬ್ಬೆರಳು ಅಭ್ಯಾಸ ಬಲದಿಂದ ತಡೆದು ನಿಲ್ಲುತ್ತಿತ್ತು. ಯಾರೂ ಏನೂ ಹೇಳದಿದ್ದಾಗ ತಾನೇ ತೀರ್ಮಾನ ಮಾಡುವುದನ್ನು ಕಲಿಯಿತು. ಬಿಳಿ ಸೊನ್ನೆ, ಒಂದರಲ್ಲೇ ಉಳಿಯಿತು. ಹಸಿರು ಆರರ ಆಚೀಚೆ ನಿಂತಿತು. ಸರಾಸರಿ ಅಕ್ಕನದು ಐದೂವರೆ, ಅವನದು ಆರು. ಲಕೋಟೆ ಒಡೆದಾಗ ಹಸಿರು ನಲವತ್ತೊಂದೇ ಆಗಿತ್ತು.

ಮೇಷ್ಟ್ರು ಕೆಳಗಿಳಿದು ಬಂದು ಹಾಳೆಯನ್ನು ಎರಡು ಸಲ ಓದಿದರು.

"ಆರು," ಅಂದರು. "ಕೂಸು ಅಲ್ಲಾಡ್ತಿದೆ ಹಾಗಾದ್ರೆ." ಬಾಗಿಲ ತನಕ ಹೋಗಿ ತಿರುಗಿದರು. "ಆದ್ರೂ ಐವತ್ತರಿಂದ ಆರಕ್ಕೆ ಬಂದಿದೆ. ಆ ಬಾಗಿಲಿಗೆ ಇನ್ನೂ ಎಲ್ಲಿ ಅಂಟಿಕೊಂಡಿದೆ ಅಂತ ನೋಡಬೇಕು." ಮೆಟ್ಟಿಲು ಹತ್ತುವಾಗಲೇ ನಲವತ್ತೆರಡರ ಯೋಚನೆ ಶುರುವಾಗಿರಬೇಕು, ಹೆಜ್ಜೆ ಹಾಗಿತ್ತು.

ಮನೆಯಲ್ಲಿ ನುಂಗುವ ಪರೀಕ್ಷೆ ರದ್ದಾಯಿತು. ನಲವತ್ತೊಂದನ್ನು ಕೊಡುವುದಾದರೆ ಆಸ್ಪತ್ರೆಯಲ್ಲಿ, ಇಡೀ ದಿನ ಒಬ್ಬರು ಪಕ್ಕದಲ್ಲಿ ಕೂತು ಎಂದು ಹೊಸ ನಿಯಮ ಬರೆದರು. ಆ ಪಟ್ಟಿಯಲ್ಲಿರುವವರು ಪರೀಕ್ಷೆ ಮುಗಿಯುವವರೆಗೆ ಯಾವ ವಾಹನವನ್ನೂ ಓಡಿಸುವಂತಿರಲಿಲ್ಲ.

ಅಕ್ಕನನ್ನು ಎದುರಿಸಲು ಅವನಿಗೆ ಎರಡು ದಿನ ಬೇಕಾಯಿತು. ಅವರೇ ಬಂದು ಪಕ್ಕದಲ್ಲಿ ಕೂತರು.

"ಐದು ತಿಂಗಳು ನನ್ನ ನೋಡಿ ಕಾಪಿ ಹೊಡ್ದಿದೀಯಂತೆ."

"ಹೌದು ಅಕ್ಕ."

"ಕಾಪಿ ಹೊಡೆಯೋದಾದ್ರೆ ಬುದ್ಧಿವಂತರ ಪಕ್ಕ ಕೂತ್ಕೋಬೇಕು ಕಣೋ. ನಾನೇ ಸೊನ್ನೆ ಬರೆದು ಕೂತಿದ್ದೆ." ನಕ್ಕರು, ಆಮೇಲೆ ನಿಲ್ಲಿಸಿದರು. "ಅದೇ ನನಗೆ ಅರ್ಥ ಆಗ್ಲಿಲ್ಲ. ಪರದೆ ಮೇಲೆ ನೋಡಿದ್ರೆ ಎಲ್ಲಾ ಸ್ಪಷ್ಟವಾಗಿ ಕಾಣ್ತು. ಮತ್ತೆ ಎದುರಿಗೆ ಕೂತಾಗ ಯಾಕೆ ಕಾಣ್ಲಿಲ್ಲ?"

ಅವನು ಮುಂದಿದ್ದ ಹಾಳೆಗಳನ್ನು ಜೋಡಿಸತೊಡಗಿದ.

"ಪರದೆ ದೊಡ್ಡದು," ಅವರೇ ಉತ್ತರ ಹೇಳಿಕೊಂಡರು. "ಮೂಗಿನ ಹತ್ತಿರ ಬೇರೆ. ಡಬ್ಬಿ ದೂರ. ಎಲ್ಲಾ ಈ ದರಿದ್ರ ಕನ್ನಡಕದ್ದೇ ತಪ್ಪು. ಆರು ವರ್ಷ ಆಯ್ತು ಬದಲಾಯಿಸಿ. ನಾಳೆನೇ ಹೋಗಿ ಹೊಸದು ಹಾಕಿಸ್ಕೊಂಡು ಬರ್ತೀನಿ." ಕನ್ನಡಕ ತೆಗೆದು ಬೆಳಕಿಗೆ ಹಿಡಿದರು. "ಇದನ್ನ ನಂಬ್ಕೊಂಡು ನನ್ನ ತಮ್ಮನ್ನ ಬಸ್ ಹತ್ತಿಸ್ತಿದ್ದೆ ನೋಡು."

ಕನ್ನಡಕ ಮತ್ತೆ ಮೂಗಿನ ಮೇಲೆ ಕೂತಿತು.

ಅದೇ ಹಳೆಯ ಕನ್ನಡಕದಲ್ಲಿ ನೆಗಡಿಯ ಮೂರು ದಿನ ತಮಗೆ ಹೇಗೆ ಕಂಡಿತೆಂದು ಅವರು ಕೇಳಬಹುದೆಂದು ಅವನು ಕಾದ. ಕೇಳಿದ್ದರೆ ಹೇಳಲೇಬೇಕಾಗುತ್ತಿತ್ತು. ಅವರು ಕೇಳಲಿಲ್ಲ. ಮರೆತಿದ್ದರೋ, ಆ ಕಡೆ ಹೋಗುವುದು ಬೇಡವೆಂದುಕೊಂಡರೋ, ಅವನಿಗೆ ಇಂದಿಗೂ ತಿಳಿದಿಲ್ಲ.

"ತಮ್ಮ ಏನಂದ್ರು?" ಎಂದ.

"ಆಸ್ಪತ್ರೇಲಿ ಕೂತು ತಗೊಳ್ತೀಯಾ ಅಂತ ಕೇಳ್ದೆ. ಹೂಂ ಅಂದ. ಅವನ ಹೂಂಗೆ ಅರ್ಥ ಇರಲ್ಲ. ಆದ್ರೆ ಆಮೇಲೆ ಇನ್ನೊಂದು ಕೇಳ್ದ." ಅಕ್ಕ ಬಾಗಿಲ ಕಡೆ ನೋಡುತ್ತ ಹೇಳಿದರು. "ಇಲಿ ಯಾಕೆ ತಲೆ ಕೊಡವುತ್ತೆ ಅಂತ. ಒಂದೇ ತಿಂಗಳಲ್ಲಿ ಎರಡು ಪ್ರಶ್ನೆ."

"ನೀವೇನು ಹೇಳಿದ್ರಿ?"

"ನಮ್ಮ ಮುನಿನ ಕೇಳಿ ಹೇಳ್ತೀನಿ ಅಂದೆ."

ಮರುದಿನ ಅವರು ಹೊಸ ಕನ್ನಡಕ ಹಾಕಿಕೊಂಡು ಬಂದರು. ಕೋಣೆಯಲ್ಲಿ ರಟ್ಟಿನ ಜಾಗಕ್ಕೆ ದಪ್ಪ ಗೋಡೆ ಬಂದಿತ್ತು, ಕೌಂಟರುಗಳು ಸದ್ದು ಮಾಡುತ್ತಿರಲಿಲ್ಲ. ಎಲ್ಲಾ ಎಷ್ಟು ಚೆನ್ನಾಗಿ ಕಾಣುತ್ತದೆ, ಮೊದಲೇ ಬದಲಾಯಿಸಬೇಕಿತ್ತು ಎಂದು ಅವರು ಆ ವಾರವೆಲ್ಲ ಹೇಳುತ್ತಿದ್ದರು. ಅವನು ಹೌದೆಂದು ತಲೆಯಾಡಿಸುತ್ತಿದ್ದ.

ತಪ್ಪು ಕನ್ನಡಕದ್ದಲ್ಲವೆಂದು ಅವನು ಅವರಿಗೆ ಎಂದೂ ಹೇಳಲಿಲ್ಲ.